ಶುಕ್ರವಾರ ಬೆಳಿಗ್ಗೆಯೇ ಹೊರಡಿ: ಲುಬ್ಲಿಯಾನಾದಲ್ಲಿ ಒಂದು ವೀಕೆಂಡ್

ಯುರೋಪ್ ಪ್ರವಾಸ ಅಂದ ಕೂಡಲೇ ನಾವು ನೋಡಬೇಕಾದ ಜಾಗಗಳ ಪಟ್ಟಿ ಹಿಡಿದು ಕೂರುತ್ತೇವೆ. ರೋಮ್‌ಗೋ ಪ್ಯಾರಿಸ್‌ಗೋ ಅದು ಸರಿ. ಸ್ಲೊವೇನಿಯಾದ ರಾಜಧಾನಿ ಲುಬ್ಲಿಯಾನಾಕ್ಕೆ ಪಟ್ಟಿಯ ಅಗತ್ಯವೇ ಬೀಳುವುದಿಲ್ಲ. ಹೆಚ್ಚೂಕಡಿಮೆ 3 ಲಕ್ಷ ಜನರ ಊರು ಅದು. ಹಳೆ ಪೇಟೆಯನ್ನು ಅರ್ಧ ಗಂಟೆಯಲ್ಲಿ ನಡೆದು ಮುಗಿಸಬಹುದು. ಅಲ್ಲಿ ಎಡವಟ್ಟಾಗುವುದು ವಾರದ ಲೆಕ್ಕದಲ್ಲಿ. ಶುಕ್ರವಾರದ ಊಟದ ಸಂತೆ ಶನಿವಾರ ಇರುವುದಿಲ್ಲ. ಶನಿವಾರ ಗಿಜಿಗುಡುವ ಮಾರುಕಟ್ಟೆ ಭಾನುವಾರ ಖಾಲಿ. ಹಾಗಾಗಿ ಮೊದಲು ಕ್ಯಾಲೆಂಡರ್, ಆಮೇಲೆ ಮ್ಯಾಪ್.

ಕಾಗದಪತ್ರ

ಸ್ಲೊವೇನಿಯಾ 2007ರಿಂದ ಷೆಂಗೆನ್ ಒಳಗಿದೆ, ಅಂದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪಿನಲ್ಲಿ. ಮ್ಯೂನಿಕ್, ವಿಯೆನ್ನಾ ಕಡೆ ಕೆಲಸದಲ್ಲಿರುವ ಕನ್ನಡಿಗರಿಗೆ ಬೇರೆ ವೀಸಾ ಬೇಡ, ಅಲ್ಲಿನ ರೆಸಿಡೆನ್ಸ್ ಪರ್ಮಿಟ್ ಸಾಕು. ಆದರೆ ಬರೀ ಕಾರ್ಡ್ ಹಿಡಿದು ಹೊರಡಬೇಡಿ, ಪಾಸ್‌ಪೋರ್ಟೂ ಜೊತೆಗಿರಲಿ. ಷೆಂಗೆನ್ ಒಳಗೆ ತಪಾಸಣೆಯೇ ಇಲ್ಲ ಅನ್ನುವ ಕಾಲ ಹೋಯಿತು. ಆಸ್ಟ್ರಿಯಾ, ಜರ್ಮನಿ ಗಡಿಗಳಲ್ಲಿ ಬಸ್ ನಿಲ್ಲಿಸಿ ಒಬ್ಬೊಬ್ಬರದ್ದೇ ನೋಡುವುದುಂಟು. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡು ಲಂಡನ್‌ನಲ್ಲಿರುವವರಿಗೆ ಷೆಂಗೆನ್ ವೀಸಾ ಬೇಕೇ ಬೇಕು.

ಬೆಂಗಳೂರಿನಿಂದ ಬರೀ ಎರಡು ದಿನಕ್ಕೆ ಯಾರು ಹೋಗ್ತಾರೆ? ವೆನಿಸ್ ಅಥವಾ ವಿಯೆನ್ನಾ ಪ್ರವಾಸಕ್ಕೆ ಇದನ್ನು ಸೇರಿಸಿಕೊಳ್ಳಿ. ಆಗ ಹೆಚ್ಚು ದಿನ ಇರುವ ದೇಶದ ವೀಸಾಗೇ ಅರ್ಜಿ ಹಾಕಬೇಕು. ದಿನಗಳು ಸಮ ಇದ್ದರೆ ಮೊದಲು ಕಾಲಿಡುವ ದೇಶದ್ದಕ್ಕೆ. ಶುಲ್ಕ 2024ರ ಜೂನ್‌ನಿಂದ ದೊಡ್ಡವರಿಗೆ 90 ಯೂರೋ, ವೀಸಾ ಕೇಂದ್ರದ ಸೇವಾಶುಲ್ಕ ಬೇರೆ. ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ. ಅರ್ಜಿಯನ್ನು 6 ತಿಂಗಳು ಮುಂಚೆಯೇ ಹಾಕಬಹುದು. ಬೇಸಿಗೆ ರಜೆಯ ಹೊತ್ತಿಗೆ ಅಪಾಯಿಂಟ್‌ಮೆಂಟ್ ಸಿಗುವುದೇ ಕಷ್ಟ, ತಡ ಮಾಡಬೇಡಿ.

ಹೋಗುವುದು ಹೇಗೆ

ಊರಿಂದ ಸುಮಾರು 25 ಕಿಲೋಮೀಟರ್ ದೂರದಲ್ಲಿ ವಿಮಾನ ನಿಲ್ದಾಣ ಇದೆ. ಆದರೆ ದೇಶದ ಆಡ್ರಿಯಾ ಏರ್‌ವೇಸ್ 2019ರಲ್ಲಿ ಮುಚ್ಚಿದ ಮೇಲೆ ನೇರ ವಿಮಾನಗಳು ಕಮ್ಮಿಯಾದವು. ಟಿಕೆಟ್ ದುಬಾರಿ ಕಂಡರೆ ವೆನಿಸ್, ಟ್ರಿಯೆಸ್ಟೆ, ಝಾಗ್ರೆಬ್ ನೋಡಿ. ಮೂರೂ ಕಡೆಯಿಂದ ಬಸ್ಸಿದೆ.

ವಿಯೆನ್ನಾದಿಂದ ರೈಲಿನಲ್ಲಿ ಸುಮಾರು 6 ಗಂಟೆ. ಮ್ಯೂನಿಕ್‌ನಿಂದ ಅದಕ್ಕಿಂತ ಸ್ವಲ್ಪ ಜಾಸ್ತಿ. ಆಲ್ಪ್ಸ್ ದಾಟಿ ಬರುವ ಹಾದಿ, ಕಿಟಕಿ ಪಕ್ಕದ ಸೀಟಿಗೆ ಒಂದಿಷ್ಟು ದುಡ್ಡು ಜಾಸ್ತಿ ಕೊಟ್ಟರೂ ನಷ್ಟವಿಲ್ಲ. ಹಳಿ ದುರಸ್ತಿ ಅಂತ ಮಧ್ಯೆ ಬಸ್ ಹತ್ತಿಸುವುದೂ ಇದೆ, ಬುಕ್ ಮಾಡುವಾಗ ವೇಳಾಪಟ್ಟಿಯನ್ನು ಸರಿಯಾಗಿ ಓದಿಕೊಳ್ಳಿ.

ಕಾರಿನಲ್ಲಿ ಹೋಗುವವರು ಆಸ್ಟ್ರಿಯಾಕ್ಕೊಂದು, ಸ್ಲೊವೇನಿಯಾಕ್ಕೊಂದು ವಿನ್ಯೆಟ್ ತೆಗೆದುಕೊಳ್ಳಬೇಕು. ಹೆದ್ದಾರಿ ಸುಂಕದ ಈ ಪಾಸ್ ಈಗ ಆನ್‌ಲೈನ್‌ನಲ್ಲೇ ಸಿಗುತ್ತದೆ. ಗಡಿಯ ಕರವಾಂಕೆನ್ ಸುರಂಗಕ್ಕೆ ಬೇರೆ ಸುಂಕ. ವಿನ್ಯೆಟ್ ಇದೆಯಲ್ಲ ಅಂತ ಅಲ್ಲಿ ವಾದ ಮಾಡಿ ಪ್ರಯೋಜನವಿಲ್ಲ.

ರೂಮು

ನದಿ ದಡದಲ್ಲೇ ರೂಮು ಬೇಕು ಅನ್ನಿಸುವುದು ಸಹಜ. ಫೋಟೋ ಚೆನ್ನಾಗಿರುತ್ತದೆ, ನಿದ್ದೆ ಬರುವುದಿಲ್ಲ. ಶುಕ್ರವಾರ, ಶನಿವಾರ ರಾತ್ರಿ ದಡದ ಬಾರುಗಳ ಗದ್ದಲ ಜೋರು. ಮಕ್ಕಳೋ ವಯಸ್ಸಾದ ಅಪ್ಪ ಅಮ್ಮನೋ ಜೊತೆಗಿದ್ದರೆ ದಕ್ಷಿಣದ ಟರ್ನೊವೊ ಕಡೆ ಹುಡುಕಿ. ಪೇಟೆಗೆ ಹದಿನೈದು ನಿಮಿಷದ ನಡಿಗೆ. ನಡು ಊರಿನ ಬೀದಿಗಳಿಗೆ ಕಾರು ಬಿಡುವುದಿಲ್ಲ, ಹಾಗಾಗಿ ಪಾರ್ಕಿಂಗ್ ಎಲ್ಲಿ ಅಂತ ಹೋಟೆಲ್‌ನವರನ್ನು ಮೊದಲೇ ಕೇಳಿ. ನಡೆಯಲು ಆಗದವರಿಗೆ ಕವಲೀರ್ ಅನ್ನುವ ಪುಟ್ಟ ಬ್ಯಾಟರಿ ಗಾಡಿಗಳಿವೆ, ಪುಕ್ಕಟೆ.

ಶುಕ್ರವಾರ: ಹೊಟ್ಟೆಗೆ

ಮಾರ್ಚ್ ಮಧ್ಯದಿಂದ ಅಕ್ಟೋಬರ್‌ವರೆಗೆ, ಮಳೆ ಇಲ್ಲದ ಶುಕ್ರವಾರಗಳಂದು, ಮಾರುಕಟ್ಟೆ ಪಕ್ಕದ ಚೌಕದಲ್ಲಿ ‘ಓದ್‌ಪ್ರ್ತಾ ಕುಹ್ನಾ’ ನಡೆಯುತ್ತದೆ. ಊರಿನ ಹೋಟೆಲುಗಳೆಲ್ಲ ಸ್ಟಾಲ್ ಹಾಕಿ, ಕಣ್ಣೆದುರೇ ಬೇಯಿಸಿ ಕೊಡುತ್ತವೆ. ಬೆಳಿಗ್ಗೆಯೇ ಹೊರಡಿ ಅಂದಿದ್ದು ಇದಕ್ಕೇ. ಸಂಜೆಯೊಳಗೆ ಸೇರಿಕೊಂಡರೆ ಒಂದೇ ಊಟದಲ್ಲಿ ಆ ದೇಶದ ಅಡುಗೆಯ ಪರಿಚಯ ಆಗುತ್ತದೆ.

ಸಸ್ಯಾಹಾರಿಗಳು ಸ್ವಲ್ಪ ಹುಷಾರು. ‘ಅಯ್ದೊವಿ ಜ್ಗಾಂತ್ಸಿ’ ಅನ್ನುವ ಹುರುಳಿಗೋಧಿ ಹಿಟ್ಟಿನ ಅಡುಗೆ ಕಂಡರೆ ರಾಗಿಮುದ್ದೆ ತಿಂದು ಬೆಳೆದವರಿಗೆ ಬಾಯಲ್ಲಿ ನೀರು ಬರುತ್ತದೆ. ಆದರೆ ಅದರ ಮೇಲೆ ಉದುರಿಸಿರುವ ಕಂದು ಚೂರುಗಳು ಈರುಳ್ಳಿಯಲ್ಲ, ಹುರಿದ ಹಂದಿ ಕೊಬ್ಬು. ಹುರುಳಿಕಾಯಿ ಬೀಜ, ಹುಳಿ ಕೋಸು ಹಾಕಿದ ‘ಯೋಟಾ’ ಸಾರಿನಲ್ಲೂ ಮಾಂಸ ಇರುವುದೇ ಹೆಚ್ಚು. ‘ಬ್ರೆಜ್ ಮೆಸಾ?’ ಅಂತ ಕೇಳಿ. ಮಾಂಸ ಇಲ್ಲದ್ದಾ ಅಂತ. ಕಣ್ಣುಮುಚ್ಚಿ ತಗೊಳ್ಳಬಹುದಾದ್ದು ‘ಶ್ಟ್ರುಕ್ಲಿ’: ತೆಳ್ಳಗೆ ಲಟ್ಟಿಸಿದ ಹಿಟ್ಟಿನ ಮೇಲೆ ಗಿಣ್ಣನ್ನೋ ಅಕ್ರೋಟನ್ನೋ ಹರಡಿ, ಸುರುಳಿ ಸುತ್ತಿ ಬೇಯಿಸಿದ್ದು. ಮೊಟ್ಟೆ ತಿನ್ನದವರು ಮಾತ್ರ ಅದನ್ನೂ ಕೇಳಿಕೊಂಡೇ ತಿನ್ನಬೇಕು. ನಲ್ಲಿ ನೀರು ಧೈರ್ಯವಾಗಿ ಕುಡಿಯಬಹುದು, ಬಾಟಲಿಗೆ ದುಡ್ಡು ಹಾಕಬೇಡಿ.

ಶನಿವಾರ: ಒಬ್ಬನ ಹಿಂದೆ ನಡೆಯಿರಿ

ಈ ಊರನ್ನು ಅರ್ಥ ಮಾಡಿಕೊಳ್ಳಲು ಒಂದೇ ಹೆಸರು ಸಾಕು: ಯೋಜೆ ಪ್ಲೆಚ್ನಿಕ್. 1872ರಲ್ಲಿ ಇಲ್ಲೇ ಹುಟ್ಟಿ, ವಿಯೆನ್ನಾ, ಪ್ರಾಗ್‌ಗಳಲ್ಲಿ ಕೆಲಸ ಮಾಡಿ, ವಾಪಸ್ ಬಂದು ಊರಿನ ಸೇತುವೆ, ದಡ, ಮಾರುಕಟ್ಟೆ, ಲೈಬ್ರರಿ ಎಲ್ಲಕ್ಕೂ ಕೈ ಹಾಕಿದ ವಾಸ್ತುಶಿಲ್ಪಿ. ಅವನ ಕೆಲಸಗಳು 2021ರಲ್ಲಿ ಯುನೆಸ್ಕೊ ಪಟ್ಟಿ ಸೇರಿದವು.

ಬೆಳಿಗ್ಗೆ ತ್ರಿವಳಿ ಸೇತುವೆಯಿಂದ ಶುರು ಮಾಡಿ. ಮಧ್ಯದ್ದು 1842ರ ಕಲ್ಲು ಸೇತುವೆ. ಜನ, ಗಾಡಿ ಹೆಚ್ಚಾದಾಗ ಅದನ್ನು ಕೆಡವಿ ಅಗಲ ಮಾಡುವ ಬದಲು, ಪ್ಲೆಚ್ನಿಕ್ ನಡೆಯುವವರಿಗಾಗಿ ಎರಡೂ ಪಕ್ಕಕ್ಕೆ ಒಂದೊಂದು ಸೇತುವೆ ಸೇರಿಸಿದ. ಎರಡೂ ಸ್ವಲ್ಪ ಓರೆಯಾಗಿವೆ. ನದಿಯಾಚೆಯ ಪ್ರೆಶೆರೆನ್ ಚೌಕದ ಕಡೆಯಿಂದ ಬಂದವರು ಮೂರರಲ್ಲಿ ಯಾವುದನ್ನು ಹಿಡಿದರೂ ಹಳೆ ಪೇಟೆಯ ಬಾಯಿಗೇ ಬರುತ್ತಾರೆ. ರಸ್ತೆ ಅಗಲೀಕರಣ ಅಂದರೆ ಮರ ಕಡಿಯುವುದು ಅಂದುಕೊಂಡ ನಮಗೆ ಇದನ್ನು ನಿಂತು ನೋಡುವುದು ಒಳ್ಳೆಯದು.

ಪಕ್ಕದಲ್ಲೇ ಮಾರುಕಟ್ಟೆ. ಹಣ್ಣು, ಜೇನು, ಗಿಣ್ಣು ಶನಿವಾರ ಬೆಳಿಗ್ಗೆ ಚೆನ್ನಾಗಿರುತ್ತದೆ, ಮಧ್ಯಾಹ್ನದ ಹೊತ್ತಿಗೆ ಅಂಗಡಿ ಕಟ್ಟುತ್ತಾರೆ. ಸ್ವಲ್ಪ ಚಿಲ್ಲರೆ ಇಟ್ಟುಕೊಂಡಿರಿ. ಅಲ್ಲಿಂದ ಎರಡು ಹೆಜ್ಜೆಗೆ 1901ರ ಡ್ರ್ಯಾಗನ್ ಸೇತುವೆ. ಒಂದು ಸೆಲ್ಫಿ ಸಾಕು, ಮುಂದೆ ನಡೆಯಿರಿ.

ಆಮೇಲೆ ರಾಷ್ಟ್ರೀಯ ಮತ್ತು ವಿಶ್ವವಿದ್ಯಾಲಯ ಗ್ರಂಥಾಲಯ. ಕೆಂಪು ಇಟ್ಟಿಗೆಯ ಗೋಡೆಯಲ್ಲಿ ಅಲ್ಲಲ್ಲಿ ಉಬ್ಬಿ ನಿಂತ ಒರಟು ಕಲ್ಲುಗಳು. ಬಾಗಿಲ ಹಿಡಿಕೆ ನೋಡಿ, ತುದಿಯಲ್ಲಿ ಪುಟ್ಟ ಕುದುರೆ ತಲೆ. ಒಳಗೆ ಕಪ್ಪು ಕಲ್ಲಿನ 32 ಕಂಬಗಳ ನಡುವೆ ಮಬ್ಬು ಬೆಳಕಿನ ಮೆಟ್ಟಿಲು ಹತ್ತಿದರೆ, ಕೊನೆಗೆ ಬೆಳಕು ತುಂಬಿದ ಓದುವ ಹಾಲ್. ಹಾಲ್‌ಗೆ ಪ್ರವಾಸಿಗರನ್ನು ಗೊತ್ತುಪಡಿಸಿದ ಹೊತ್ತಿನಲ್ಲಿ ಮಾತ್ರ ಬಿಡುತ್ತಾರೆ, ಸಮಯ ನೋಡಿಕೊಂಡು ಹೋಗಿ.

ಮಧ್ಯಾಹ್ನ ಟರ್ನೊವೊ ಕಡೆಗೆ. ಅಲ್ಲಿನ ಸಣ್ಣ ಸೇತುವೆಯ ಮೇಲೇ ಬರ್ಚ್ ಮರಗಳು ಬೆಳೆದಿವೆ. ಅದೂ ಇವನದೇ ಕೆಲಸ. ಹತ್ತಿರದ ಅವನ ಮನೆ ಈಗ ಮ್ಯೂಸಿಯಂ. ಗೈಡ್ ಜೊತೆಗೇ ಒಳಗೆ ಬಿಡುವುದು, ಒಂದು ಸಲಕ್ಕೆ ಕೆಲವರೇ. ಟಿಕೆಟ್ ಮುಂಚೆಯೇ ತೆಗೆದಿಡಿ.

ಸಂಜೆ ಕೋಟೆಗೆ. ಕೇಬಲ್ ರೈಲಿಗೆ ಟಿಕೆಟ್ ಬೇಕು, ಕಾಲುದಾರಿ ಉಚಿತ, ಒಳಗಿನ ಅಂಗಳವೂ ಉಚಿತ. ಗೋಪುರಕ್ಕೆ ಮಾತ್ರ ದುಡ್ಡು. ಆಕಾಶ ತಿಳಿಯಾಗಿದ್ದರೆ ಉತ್ತರಕ್ಕೆ ಆಲ್ಪ್ಸ್ ಸಾಲು ಕಾಣುತ್ತದೆ.

ರೂಮಿಗೆ ಹೋಗುವ ಮುಂಚೆ ಸೂಪರ್‌ಮಾರ್ಕೆಟ್‌ಗೆ ಹೋಗುವುದನ್ನು ಮರೆಯಬೇಡಿ. 2020ರ ಕಾನೂನಿನಂತೆ ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ. ಮೊಸರು, ಬ್ರೆಡ್ಡು, ಹಣ್ಣು ಶನಿವಾರವೇ ತಂದಿಟ್ಟುಕೊಳ್ಳಿ.

ಭಾನುವಾರ: ಊರು ಬಿಡಿ, ಅಥವಾ ಸುಮ್ನೆ ಕೂತಿರಿ

ಎಲ್ಲರೂ ಬ್ಲೆಡ್ ಸರೋವರಕ್ಕೆ ಹೋಗುತ್ತಾರೆ. ಹೋಗಬೇಕಾದ್ದೇ. ಸುಮಾರು 55 ಕಿಲೋಮೀಟರ್, ಬಸ್ಸಿನಲ್ಲಿ ಒಂದೂಕಾಲು ಗಂಟೆ. ಸರೋವರದ ಸುತ್ತ 6 ಕಿಲೋಮೀಟರ್ ನಡಿಗೆ, ನಡುವಿನ ದ್ವೀಪಕ್ಕೆ ದೋಣಿ, ಚರ್ಚಿಗೆ 99 ಮೆಟ್ಟಿಲು. ಬೇಸಿಗೆಯಲ್ಲಿ ಬೆಳಗಿನ ಮೊದಲ ಬಸ್ಸುಗಳಲ್ಲೇ ಹೋಗಿಬಿಡಿ, ಹತ್ತು ಗಂಟೆ ಮೇಲೆ ಜಾತ್ರೆ. ರೈಲು ಹಿಡಿಯುವುದಾದರೆ ಲೆಸ್ತ್ಸೆ ನಿಲ್ದಾಣದಿಂದ ಸರೋವರ ಇನ್ನೂ 4 ಕಿಲೋಮೀಟರ್ ಇದೆ ಅನ್ನುವುದು ಗೊತ್ತಿರಲಿ.

ಅದೇ ದಿನ ಪೊಸ್ಟೊಯ್ನಾ ಗುಹೆಗಳನ್ನೂ ಮುಗಿಸಿಬಿಡೋಣ ಅನ್ನುವವರಿದ್ದಾರೆ. ಬೇಡ. ಬ್ಲೆಡ್ ಇರುವುದು ಲುಬ್ಲಿಯಾನಾದ ಉತ್ತರಕ್ಕೆ, ಗುಹೆ ದಕ್ಷಿಣಕ್ಕೆ. ದಿನವೆಲ್ಲ ಬಸ್ಸಿನಲ್ಲೇ ಕಳೆಯುತ್ತದೆ. ಮಳೆ ಇದ್ದರೆ ಗುಹೆ, ಬಿಸಿಲಿದ್ದರೆ ಬ್ಲೆಡ್. ಅಪ್ಪ ಅಮ್ಮನಿಗೆ ಸುಸ್ತಾಗಿದ್ದರೆ ಎರಡೂ ಬೇಡ. ನದಿ ದಡದಲ್ಲಿ ಭಾನುವಾರ ಬೆಳಿಗ್ಗೆ ಹಳೆ ಸಾಮಾನಿನ ಸಂತೆ ಇರುತ್ತದೆ, ಪಕ್ಕದಲ್ಲೇ ಕಾಫಿ ಅಂಗಡಿಗಳು. ಹಾಲು ಜಾಸ್ತಿ ಬೇಕಿದ್ದರೆ ‘ಬೆಲಾ ಕಾವಾ’ ಅನ್ನಿ.

ಜುಲೈ, ಆಗಸ್ಟ್‌ನಲ್ಲಿ ಕಾರಲ್ಲಿ ವಾಪಸಾಗುವವರು ಕರವಾಂಕೆನ್ ಸುರಂಗದ ಮುಂದಿನ ಸಾಲನ್ನು ಲೆಕ್ಕಕ್ಕೆ ಹಿಡಿಯಿರಿ. ಕ್ರೊವೇಷಿಯಾ ಕಡಲತೀರದಿಂದ ಮರಳುವವರೂ ಅದೇ ದಾರಿ ಹಿಡಿದಿರುತ್ತಾರೆ. ಸೋಮವಾರ ಬೆಳಿಗ್ಗೆ ಆಫೀಸಿದ್ದರೆ ಮಧ್ಯಾಹ್ನದ ಊಟಕ್ಕೆ ಮುಂಚೆಯೇ ಹೊರಡಿ.