ಮುಂಬೈಯ ತೇವದ ಗಾಳಿಯಲ್ಲಿ ಕೇಕಿನ ಸಿಂಗಾರ

ಕೇಕಿನ ಮೇಲೆ ಏನು ಬಿಡಿಸಬೇಕೆಂಬುದನ್ನು ಮುಂಬೈಯಲ್ಲಿ ಮೊದಲು ತೀರ್ಮಾನಿಸುವುದು ಹವೆ. ಹುಟ್ಟುಹಬ್ಬದ ಮಗುವಿನ ಆಸೆಗೆ ಎರಡನೆಯ ಸ್ಥಾನ. ಮುಲುಂಡಿನ ನಮ್ಮ ಸಣ್ಣ ಅಡುಗೆಮನೆಯಲ್ಲಿ ಬಂಧುಗಳಿಗೆ, ನೆರೆಯವರಿಗೆ, ಕನ್ನಡ ಸಂಘದ ಸಮಾರಂಭಗಳಿಗೆ ಕೇಕು ಮತ್ತು ಕುಕೀಸ್ ಮಾಡಿಕೊಡುತ್ತ ಬಂದಿರುವ ನನಗೆ ಈ ಕಲೆಯಲ್ಲಿ ಮುಖ್ಯವೆನಿಸಿದ ಸಂಗತಿ ಇದೊಂದೇ. ಚಳಿದೇಶದವರು ತೆಗೆದ ವಿಡಿಯೋಗಳನ್ನು ನೋಡಿ, ಅಲ್ಲಿಯ ಅಳತೆಯನ್ನೇ ಇಲ್ಲಿಗೆ ತಂದು ಜುಲೈ ತಿಂಗಳಲ್ಲಿ ಸಕ್ಕರೆಯ ಗುಲಾಬಿ ಮಾಡಲು ಹೊರಡುವವರಿಗೆ ನಾನು ಹೇಳುವುದು ಡಿಸೆಂಬರಿನವರೆಗೆ ಕಾಯಿರಿ ಎಂದು.

ಕಾರಣ ಸರಳವಾಗಿದೆ. ಸಕ್ಕರೆ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಗಾಳಿಯ ತೇವಾಂಶ ಶೇಕಡಾ 85ರ ಆಸುಪಾಸಿಗೆ ಏರಿದರೆ ಶುದ್ಧ ಸಕ್ಕರೆಯ ಹರಳು ತಾನಾಗಿಯೇ ಕರಗತೊಡಗುತ್ತದೆ. ಗ್ಲೂಕೋಸ್, ಗ್ಲಿಸರಿನ್ ಬೆರೆಸಿ ಕೇಕಿಗೆ ಹೊದಿಸುವ ಫಾಂಡಂಟ್ ಎಂಬ ಸಕ್ಕರೆ ಹಿಟ್ಟಿನಂಥ ಪದಾರ್ಥಗಳು ಅದಕ್ಕೂ ಮೊದಲೇ ಅಂಟಂಟಾಗುತ್ತವೆ. ಮುಂಬೈಯ ಮಳೆಗಾಲದಲ್ಲಿ ಬೆಳಗಿನ ತೇವಾಂಶ ಈ ಗಡಿಯನ್ನು ಮುಟ್ಟುವುದು, ದಾಟುವುದು ಸಾಮಾನ್ಯ. ಇನ್ನು ಬೆಣ್ಣೆಯ ವಿಷಯ: ಅದು 32ರಿಂದ 35 ಡಿಗ್ರಿಯೊಳಗೆ ಪೂರ್ತಿ ಕರಗುತ್ತದೆ, ಅದಕ್ಕೆ ಬಹಳ ಮೊದಲೇ ತನ್ನ ಬಿಗಿಯನ್ನು ಕಳೆದುಕೊಳ್ಳುತ್ತದೆ. ಮೇ ತಿಂಗಳ ಮಧ್ಯಾಹ್ನವಾಗಲಿ, ಇಲ್ಲಿಯವರು 'ಅಕ್ಟೋಬರ್ ಹೀಟ್' ಎಂದು ಗೊಣಗುವ ದಿನಗಳಾಗಲಿ, ಬಟರ್‌ಕ್ರೀಮಿನ ಹೂಗಳು ಮೇಜಿನ ಮೇಲೆ ಒಂದು ಗಂಟೆಯೂ ನಿಲ್ಲಲಾರವು. ಆದ್ದರಿಂದ ನನ್ನ ವರ್ಷ ಮೂರು ಭಾಗವಾಗಿದೆ. ನವೆಂಬರಿನ ಕೊನೆಯಿಂದ ಫೆಬ್ರವರಿಯವರೆಗೆ ರಾಯಲ್ ಐಸಿಂಗಿನ, ಅಂದರೆ ಒಣಗಿ ಗಟ್ಟಿಯಾಗುವ ಸಕ್ಕರೆ ಲೇಪದ ಕೆಲಸ. ಸೆಕೆಯ ತಿಂಗಳುಗಳಲ್ಲಿ ಚಾಕೊಲೇಟಿಗೆ ಕ್ರೀಮ್ ಬೆರೆಸಿದ ಗನಾಶ್. ಮಳೆಗಾಲದಲ್ಲಿ ಬರ್ಫಿಯಂತೆ ಪಾಕ ಹಾಕಿ ನಾದಿದ ಗೋಡಂಬಿ ಹಿಟ್ಟು ಮತ್ತು ಕೋಕೋ ಬೆಣ್ಣೆಯ ಬದಲು ಬೇರೆ ಕೊಬ್ಬು ಹಾಕಿದ ಕಾಂಪೌಂಡ್ ಚಾಕೊಲೇಟ್.

ಅಲಂಕಾರದ ಕುಕೀಸಿಗೆ ಬೇಕಾದ ಮೊದಲ ಗುಣ, ಒವನ್ನಿನಲ್ಲಿ ಹರಡದೆ ಕತ್ತರಿಸಿದ ಆಕಾರದಲ್ಲಿಯೇ ಉಳಿಯುವುದು. ಮೈದಾ 300 ಗ್ರಾಂ, ಉಪ್ಪಿಲ್ಲದ ಬೆಣ್ಣೆ 200 ಗ್ರಾಂ, ಪುಡಿ ಸಕ್ಕರೆ 100 ಗ್ರಾಂ ಎಂಬ ಹಳೆಯ ಅಳತೆಯನ್ನೇ ನಾನು ಬಳಸುತ್ತೇನೆ. ಇದರಲ್ಲಿ ಮೊಟ್ಟೆಯಿಲ್ಲ, ಬೇಕಿಂಗ್ ಪೌಡರೂ ಇಲ್ಲ. ಉಬ್ಬಿಸುವ ವಸ್ತು ಇಲ್ಲದಿರುವುದರಿಂದ ಅಂಚು ಚೂಪಾಗಿ ಉಳಿಯುತ್ತದೆ. ಹಿಟ್ಟನ್ನು ಎರಡು ಬಟರ್ ಪೇಪರುಗಳ ನಡುವೆ ಇಟ್ಟು ಅರ್ಧ ಸೆಂಟಿಮೀಟರ್ ದಪ್ಪಕ್ಕೆ ಲಟ್ಟಿಸಿ, ಆಕಾರ ಕತ್ತರಿಸಿದ ಮೇಲೆ ತಟ್ಟೆಯ ಸಮೇತ ಅರ್ಧ ಗಂಟೆ ಫ್ರೀಜರಿನಲ್ಲಿ ಇಡುತ್ತೇನೆ. ನಮ್ಮ ಅಡುಗೆಮನೆಯ ಬಿಸಿಯಲ್ಲಿ ಈ ಅರ್ಧ ಗಂಟೆಯನ್ನು ಬಿಡುವಂತಿಲ್ಲ, ಏಕೆಂದರೆ ಲಟ್ಟಿಸುವಷ್ಟರಲ್ಲಿಯೇ ಬೆಣ್ಣೆ ಜಿಡ್ಡು ಬಿಟ್ಟಿರುತ್ತದೆ. ಆಮೇಲೆ ಓಟಿಜಿ ಎಂಬ ಮನೆಬಳಕೆಯ ಸಣ್ಣ ವಿದ್ಯುತ್ ಒವನ್ನಿನಲ್ಲಿ 165 ಡಿಗ್ರಿಯಲ್ಲಿ ಹದಿನೈದು ನಿಮಿಷದ ಆಸುಪಾಸು, ಅಂಚು ಹೊಂಬಣ್ಣಕ್ಕೆ ತಿರುಗುವವರೆಗೆ ಬೇಯಿಸುತ್ತೇನೆ.

ಪ್ರತಿಯೊಂದು ಆಕಾರಕ್ಕೂ ಅಚ್ಚು ಕೊಳ್ಳಬೇಕಿಲ್ಲ. ಕ್ರಾಫರ್ಡ್ ಮಾರ್ಕೆಟ್ಟಿನ ಬೇಕಿಂಗ್ ಸಾಮಾನಿನ ಅಂಗಡಿಗಳಲ್ಲಿ ನಕ್ಷತ್ರ, ಗಂಟೆ, ಹೃದಯ, ಪ್ರಾಣಿಗಳ ಅಚ್ಚುಗಳು ಧಾರಾಳವಾಗಿ ಸಿಗುತ್ತವೆ. ನಮಗೆ ಬೇಕಾದ ವಿಶೇಷ ಆಕಾರಗಳನ್ನು ಮಾತ್ರ ರಟ್ಟಿನಲ್ಲಿ ಕತ್ತರಿಸಿ, ಬಟರ್ ಪೇಪರ್ ಸುತ್ತಿ, ಹಿಟ್ಟಿನ ಮೇಲಿಟ್ಟು ಚೂಪಾದ ಚಾಕುವಿನಿಂದ ಸುತ್ತಲೂ ಕೊಯ್ಯುತ್ತೇನೆ. ರಾಜ್ಯೋತ್ಸವಕ್ಕೆ ಕರ್ನಾಟಕದ ನಕಾಶೆಯ ಕುಕೀಸ್ ಮಾಡುವುದು ಹೀಗೆಯೇ. ಆ ನಕಾಶೆಯಲ್ಲಿ ಕಷ್ಟ ಕೊಡುವವನು ಬೀದರ್. ಉತ್ತರದ ಆ ಸಣ್ಣ ತುದಿ ಬೆಂದ ಮೇಲೆ ಎತ್ತುವಾಗ ಮುರಿಯುತ್ತದೆ. ಹಾಗಾಗಿ ಭೂಗೋಳದ ನಿಖರತೆಯನ್ನು ತುಸು ಬದಿಗಿಟ್ಟು ಕಲಬುರ್ಗಿಯ ಮೇಲಿನ ಕುತ್ತಿಗೆಯನ್ನು ಅಗಲ ಮಾಡಿಕೊಂಡಿದ್ದೇನೆ. ಸಂಘದ ಹಿರಿಯರು ಯಾರೂ ಈವರೆಗೆ ಆಕ್ಷೇಪಿಸಿಲ್ಲ.

ರಾಯಲ್ ಐಸಿಂಗಿಗೆ 500 ಗ್ರಾಂ ಐಸಿಂಗ್ ಶುಗರ್, ಮೂರು ದೊಡ್ಡ ಚಮಚ ಮೆರಿಂಗ್ ಪೌಡರ್, 80 ಮಿಲಿಲೀಟರ್ ನೀರು ಸಾಕು. ಹಸಿ ಮೊಟ್ಟೆಯ ಬಿಳಿಯನ್ನು ನಾನು ಬಳಸುವುದಿಲ್ಲ, ಏಕೆಂದರೆ ಒಣಗುವ ಐಸಿಂಗನ್ನು ಬೇಯಿಸುವುದಿಲ್ಲ, ಹಾಗಾಗಿ ಸಾಲ್ಮೊನೆಲ್ಲಾ ಸೋಂಕಿನ ಭಯ ಉಳಿಯುತ್ತದೆ. ಆದರೆ ಮೆರಿಂಗ್ ಪೌಡರ್ ಕೂಡ ಮೊಟ್ಟೆಯ ಬಿಳಿಯಿಂದಲೇ ಮಾಡಿದ್ದು ಎಂಬುದನ್ನು ಬಹಳ ಜನ ಮರೆಯುತ್ತಾರೆ. ಗುಜರಾತಿ ಮತ್ತು ಜೈನ ನೆರೆಯವರು ಹೆಚ್ಚಾಗಿರುವ ಮುಲುಂಡಿನಲ್ಲಿ 'ಎಗ್‌ಲೆಸ್' ಎಂದು ಹೇಳಿ ಇದನ್ನು ಕೊಡುವುದು ಸರಿಯಲ್ಲ. ಅಂಥವರಿಗೆ ಕಾಬೂಲಿ ಕಡಲೆ ಬೇಯಿಸಿದ ಗಟ್ಟಿ ನೀರನ್ನು ಬಳಸುತ್ತೇನೆ. ಅದನ್ನು ಕಡೆದರೆ ಮೊಟ್ಟೆಯ ಬಿಳಿಯಂತೆಯೇ ನೊರೆ ಏಳುತ್ತದೆ, ಒಣಗಿದ ಮೇಲೆ ಕಡಲೆಯ ವಾಸನೆಯೂ ಉಳಿಯುವುದಿಲ್ಲ. ಉಪ್ಪು ಹಾಕದೆ ಬೇಯಿಸಬೇಕು, ನೀರು ತೆಳ್ಳಗಿದ್ದರೆ ಕುದಿಸಿ ಮಂದಗೊಳಿಸಬೇಕು. ಮೊಟ್ಟೆಯ ವಿಷಯದಲ್ಲಿ ಇಷ್ಟು ಕಟ್ಟುನಿಟ್ಟಾಗಿರುವವರಿಗೆ ಪ್ರಾಣಿಗಳ ಚರ್ಮ, ಮೂಳೆಗಳಿಂದ ತೆಗೆಯುವ ಜಿಲೆಟಿನ್ ಬೆರೆತ ಫಾಂಡಂಟನ್ನೂ ಮಾರ್ಶ್‌ಮ್ಯಾಲೋವನ್ನೂ ಕೊಡಬಾರದೆಂದು ಬೇರೆ ಹೇಳಬೇಕಿಲ್ಲ. ಡಬ್ಬಿಯ ಮೇಲೆ ಹಸಿರು ಚುಕ್ಕೆ ಇದೆಯೇ ಎಂದು ನೋಡಿಯೇ ಕೊಳ್ಳುತ್ತೇನೆ.

ಐಸಿಂಗಿನ ಹದವನ್ನು ನಾನು ಎಣಿಸಿ ನೋಡುತ್ತೇನೆ. ಬಟ್ಟಲಿನಲ್ಲಿ ಚಾಕುವಿನಿಂದ ಗೆರೆ ಎಳೆದಾಗ ಅದು ಹತ್ತು ಹನ್ನೆರಡು ಸೆಕೆಂಡಿನಲ್ಲಿ ಮುಚ್ಚಿಕೊಂಡರೆ ಮೇಲ್ಮೈ ತುಂಬಲು ಸರಿ. ಇಪ್ಪತ್ತು ಸೆಕೆಂಡು ಹಿಡಿದರೆ ಅಂಚು ಕಟ್ಟಲು ಸರಿ. ತುಂಬಿದ ಕೂಡಲೇ ತಟ್ಟೆಯನ್ನು ಟೇಬಲ್ ಫ್ಯಾನಿನ ಎದುರು ಇಡಬೇಕು. ಬೇಗನೆ ಪೊರೆ ಕಟ್ಟಿದರೆ ಐಸಿಂಗಿಗೆ ಹೊಳಪು ಬರುತ್ತದೆ, ಸಣ್ಣ ಭಾಗಗಳು ನಡುವೆ ಕುಸಿದು ಗುಳಿ ಬೀಳುವುದೂ ತಪ್ಪುತ್ತದೆ. ಡಿಸೆಂಬರಿನಲ್ಲಿ ಒಂದು ರಾತ್ರಿ ಬಿಟ್ಟರೆ ಗಟ್ಟಿಯಾಗುವ ಐಸಿಂಗ್ ಆಗಸ್ಟಿನಲ್ಲಿ ಎರಡನೆಯ ದಿನವೂ ಬೆರಳಿಗೆ ಅಂಟುತ್ತದೆ. ಆಗ ಎಸಿಯನ್ನು ಡ್ರೈ ಮೋಡಿನಲ್ಲಿಟ್ಟು ಮಲಗುವ ಕೋಣೆಯನ್ನೇ ಕುಕೀಸಿಗೆ ಬಿಟ್ಟುಕೊಡಬೇಕಾಗುತ್ತದೆ. ಮನೆಮಂದಿಗೆ ಇದು ಎಷ್ಟು ಹಿತವೆಂಬುದನ್ನು ಅವರವರೇ ನೋಡಿಕೊಳ್ಳಲಿ.

ಮುಂಬೈಯ ಮಕ್ಕಳಿಗೆ ನಾನು ಮಾಡುವ ಆಕಾರಗಳಲ್ಲಿ ಕಾಲಿ-ಪೀಲಿ, ಅಂದರೆ ಕಪ್ಪು-ಹಳದಿ ಟ್ಯಾಕ್ಸಿಗೆ ಬೇಡಿಕೆ ಜಾಸ್ತಿ. ಆ ಬಣ್ಣದ ಹಳೆಯ ಪ್ರೀಮಿಯರ್ ಪದ್ಮಿನಿ ಕಾರಿನ ಟ್ಯಾಕ್ಸಿಗಳು 2023ರ ಅಕ್ಟೋಬರಿನಲ್ಲಿ ರಸ್ತೆಯಿಂದ ಮರೆಯಾದ ಮೇಲೆ ಆ ಬೇಡಿಕೆ ದೊಡ್ಡವರಿಂದಲೂ ಬರತೊಡಗಿದೆ. ಕಪ್ಪು ಮತ್ತು ಹಳದಿ ಪಕ್ಕಪಕ್ಕದಲ್ಲಿ ಬರುವ ಈ ಚಿತ್ರ ಸುಲಭವೆಂದು ತೋರಿದರೂ ನಿಜಕ್ಕೂ ಕಠಿಣ. ಗಾಢ ಬಣ್ಣದ ಐಸಿಂಗ್ ಹಸಿಯಾಗಿರುವಷ್ಟು ಹೊತ್ತು ಅದರ ನೀರಿನೊಂದಿಗೆ ಬಣ್ಣವೂ ಪಕ್ಕದ ತಿಳಿ ಬಣ್ಣಕ್ಕೆ ಹರಿಯುತ್ತದೆ. ಬೆಳಗಾಗುವಷ್ಟರಲ್ಲಿ ಹಳದಿ ಮಾಡಿನ ಅಂಚೆಲ್ಲ ಹಸಿರುಗಪ್ಪಾಗಿರುತ್ತದೆ. ಇದನ್ನು ತಡೆಯಲು ಹಳದಿಯನ್ನು ಮೊದಲು ತುಂಬಿ ಪೂರ್ತಿ ಒಣಗಿಸಬೇಕು, ಕಪ್ಪನ್ನು ಗಟ್ಟಿ ಹದದಲ್ಲಿ ತೆಳ್ಳಗೆ ಹಾಕಬೇಕು. ಬಿಳಿ ಐಸಿಂಗಿಗೆ ನೇರವಾಗಿ ಕಪ್ಪು ಬಣ್ಣ ಸುರಿದರೆ ಅದು ಬೂದು ಬಣ್ಣದಲ್ಲಿಯೇ ನಿಲ್ಲುತ್ತದೆ. ಇನ್ನೂ ಸುರಿದರೆ ಕಹಿಯಾಗುತ್ತದೆ, ಒಣಗುವುದೂ ಇಲ್ಲ, ತಿಂದವರ ಹಲ್ಲೂ ಕಪ್ಪಾಗುತ್ತದೆ. ಮೊದಲು ಕೋಕೋ ಪುಡಿ ಬೆರೆಸಿ ಕಂದು ಮಾಡಿಕೊಂಡು, ಆಮೇಲೆ ಸ್ವಲ್ಪವೇ ಕಪ್ಪು ಜೆಲ್ ಹಾಕಿ ಮುಚ್ಚಿಟ್ಟರೆ ಮರುದಿನಕ್ಕೆ ಬಣ್ಣ ತಾನಾಗಿಯೇ ಗಾಢವಾಗುತ್ತದೆ. ಮಳೆಗಾಲದಲ್ಲಂತೂ ಈ ಗೊಡವೆಯೇ ಬೇಡವೆಂದು ಕಪ್ಪಿನ ಭಾಗಕ್ಕೆ ಕರಗಿಸಿದ ಡಾರ್ಕ್ ಕಾಂಪೌಂಡ್ ಚಾಕೊಲೇಟನ್ನೇ ಕಾಗದದ ಕೋನಿನಿಂದ ಎಳೆಯುತ್ತೇನೆ. ಅದರಲ್ಲಿ ನೀರಿಲ್ಲ, ಹಾಗಾಗಿ ಬಣ್ಣ ಹರಿಯುವ ಪ್ರಶ್ನೆಯೂ ಇಲ್ಲ.

ಇನ್ನು ಫಾಂಡಂಟ್. ಅದರ ವಿರುದ್ಧ ನನ್ನ ದೂರು ಹವೆಗೆ ಮಾತ್ರ ಸಂಬಂಧಿಸಿದ್ದಲ್ಲ. ಯಾವುದೇ ಹುಟ್ಟುಹಬ್ಬದ ಕೊನೆಯಲ್ಲಿ ತಟ್ಟೆಗಳನ್ನು ನೋಡಿದರೆ ಕೇಕು ಖಾಲಿಯಾಗಿ, ಬಣ್ಣದ ಸಕ್ಕರೆಯ ಹೊದಿಕೆ ಮಾತ್ರ ಅಂಚಿನಲ್ಲಿ ಉಳಿದಿರುತ್ತದೆ. ತಿನ್ನುವವರೇ ತೆಗೆದಿಡುವ ವಸ್ತುವನ್ನು ಅಲಂಕಾರವೆಂದು ಗಂಟೆಗಟ್ಟಲೆ ಕೂತು ಮಾಡುವುದು ನನಗೆ ಒಪ್ಪಿತವಲ್ಲ. ಈ ತೊಡಕಿಗೆ ಪರಿಹಾರ ಮುಂಬೈಯಲ್ಲಿಯೇ ಇತ್ತು. ಮುಂಬೈಯದೇ ಮೂಲದವರಾದ 'ಈಸ್ಟ್ ಇಂಡಿಯನ್' ಸಮುದಾಯದ ಮತ್ತು ಗೋವಾ ಮೂಲದ ಕ್ರೈಸ್ತರು ಈಸ್ಟರ್ ಹಬ್ಬಕ್ಕೆ ಮಾಡುವ ಮಾರ್ಜಿಪಾನ್ ಎಂಬ ಸಿಹಿಗೆ ಬಾದಾಮಿಯ ಬದಲು ಗೋಡಂಬಿಯನ್ನೇ ಅರೆಯುತ್ತಾರೆ, ಗುಲಾಬಿ ನೀರು ಬೆರೆಸಿ ಮೊಟ್ಟೆ, ಹೂ, ಹಣ್ಣುಗಳ ಅಚ್ಚಿನಲ್ಲಿ ಒತ್ತುತ್ತಾರೆ. ಅವರಲ್ಲಿ ಅನೇಕರು ಹಾಕುವ ಮೊಟ್ಟೆಯ ಬಿಳಿಯನ್ನು ಬಿಟ್ಟು, ನಮ್ಮ ಗೋಡಂಬಿ ಬರ್ಫಿಯ ಪಾಕವನ್ನು ನಾನು ಅದಕ್ಕೆ ಸೇರಿಸಿಕೊಂಡೆ. 250 ಗ್ರಾಂ ಗೋಡಂಬಿಯನ್ನು ಎಣ್ಣೆ ಬಿಡದಂತೆ ನಿಲ್ಲಿಸಿ ನಿಲ್ಲಿಸಿ ಪುಡಿ ಮಾಡಿ ಜರಡಿ ಹಿಡಿಯಬೇಕು. 125 ಗ್ರಾಂ ಸಕ್ಕರೆಗೆ ಕಾಲು ಬಟ್ಟಲು ನೀರು ಹಾಕಿ ಒಂದೆಳೆ ಪಾಕ ಬಂದೊಡನೆ ಪುಡಿ ಸೇರಿಸಿ, ಸಣ್ಣ ಉರಿಯಲ್ಲಿ ತಳ ಬಿಡುವವರೆಗೆ ಮಗುಚಬೇಕು. ಕೈಗೆ ತುಪ್ಪ ಸವರಿಕೊಂಡು ಬಿಸಿಯಿರುವಾಗಲೇ ನಾದಿದರೆ ಜೇಡಿಮಣ್ಣಿನಂತೆ ಬೇಕಾದ ಆಕಾರಕ್ಕೆ ಬಗ್ಗುವ ಹಿಟ್ಟು ಸಿದ್ಧವಾಗುತ್ತದೆ. ಪಾಕ ಎರಡೆಳೆಗೆ ಹೋದರೆ ಹಿಟ್ಟು ಬಿರಿಯುತ್ತದೆ. ಆಗ ಒಂದು ಚಮಚ ಬೆಚ್ಚಗಿನ ಹಾಲು ಚಿಮುಕಿಸಿ ಮತ್ತೆ ನಾದಬೇಕು. ಹಾಲು ಬಿದ್ದ ಹಿಟ್ಟನ್ನು ಎರಡು ದಿನಕ್ಕಿಂತ ಹೆಚ್ಚು ಇಡುವುದು ಬೇಡ.

ಗಣೇಶ ಚತುರ್ಥಿಗೆ ಈ ಹಿಟ್ಟು ನನಗೆ ಬಹಳ ಉಪಯೋಗಕ್ಕೆ ಬಂದಿದೆ. ಗಣಪತಿಯ ಮೂರ್ತಿಯನ್ನೇ ಕೇಕಿನ ಮೇಲೆ ಕೂರಿಸಿಕೊಡಿ ಎಂದು ಕೇಳುವವರಿದ್ದಾರೆ. ನನ್ನ ಅತ್ತೆಯವರು ಒಮ್ಮೆ, "ದೇವರ ಮುಖಕ್ಕೆ ಚಾಕು ಹಾಕೋದು ಹ್ಯಾಗಮ್ಮ?" ಎಂದು ಕೇಳಿದರು. ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ, ಆದ್ದರಿಂದ ದೇವರ ರೂಪವನ್ನು ಕೇಕಿನ ಮೇಲೆ ಮಾಡುವುದಿಲ್ಲ ಎಂಬುದನ್ನು ನಿಯಮವನ್ನಾಗಿ ಇಟ್ಟುಕೊಂಡಿದ್ದೇನೆ. ಬದಲಾಗಿ ಗೋಡಂಬಿ ಹಿಟ್ಟಿನ ಮೋದಕಗಳು, ಕೆಂಪು ದಾಸವಾಳ, ಗರಿಕೆಯ ಕಟ್ಟು, ಲಾಡು ಹಿಡಿದ ಒಂದು ಇಲಿ, ಇಷ್ಟಿದ್ದರೆ ಹಬ್ಬ ಯಾವುದೆಂದು ಯಾರೂ ಕೇಳಬೇಕಾಗುವುದಿಲ್ಲ. ಮೋದಕದ ಅಚ್ಚು ಇಲ್ಲಿ ಪ್ರತಿ ಪಾತ್ರೆ ಅಂಗಡಿಯಲ್ಲಿಯೂ ದೊರೆಯುತ್ತದೆ.

ಬಹಳ ಇಷ್ಟಪಟ್ಟು ಮಾಡಿದ ಕೆಲಸವೆಂದರೆ ಲೋಕಲ್ ರೈಲಿನ ಕೇಕು. ಇದಕ್ಕೆ ಮೃದುವಾದ ಸ್ಪಂಜು ತಾಳುವುದಿಲ್ಲ. ಬೆಣ್ಣೆ ಹೆಚ್ಚಿರುವ ಗಟ್ಟಿ ಕೇಕನ್ನು ಎರಡು ಲೋಫ್ ಟಿನ್ನುಗಳಲ್ಲಿ ಬೇಯಿಸಿ, ಫ್ರೀಜರಿನಲ್ಲಿ ಬಿಗಿಯಾಗಿಸಿ, ಆಮೇಲೆ ಹಲ್ಲಿನ ಚಾಕುವಿನಿಂದ ಬೋಗಿಯ ಆಕಾರಕ್ಕೆ ಕೆತ್ತುತ್ತೇನೆ. ಮೇಲಿನ ಲೇಪಕ್ಕೆ ಡಾರ್ಕ್ ಚಾಕೊಲೇಟ್ ಎರಡು ಪಾಲು, ಕ್ರೀಮ್ ಒಂದು ಪಾಲು ಸೇರಿದ ಗನಾಶ್. ಬಿಳಿ ಚಾಕೊಲೇಟಾದರೆ ಮೂರು ಪಾಲಿಗೆ ಒಂದು. ಈ ಲೇಪ ಗಟ್ಟಿಯಾದ ಮೇಲೆ ಅಂಚುಗಳು ನೇರವಾಗಿ ನಿಲ್ಲುತ್ತವೆ. ಬಿಳಿ-ನೇರಳೆ ಪಟ್ಟಿಗಳನ್ನು ಬಿಳಿ ಕಾಂಪೌಂಡ್ ಚಾಕೊಲೇಟಿನಿಂದ ಬಟರ್ ಪೇಪರಿನ ಮೇಲೆ ತೆಳ್ಳಗೆ ಹರಡಿ, ಅರ್ಧ ಗಟ್ಟಿಯಾದಾಗ ಸ್ಕೇಲು ಹಿಡಿದು ಕತ್ತರಿಸಿ ಅಂಟಿಸಬೇಕು. ನಿಜವಾದ ಚಾಕೊಲೇಟಿನ ಕೋಕೋ ಬೆಣ್ಣೆಯನ್ನು ಸರಿಯಾದ ಉಷ್ಣತೆಯಲ್ಲಿ (ಡಾರ್ಕ್ ಆದರೆ 31–32 ಡಿಗ್ರಿ) ಹದಗೊಳಿಸದಿದ್ದರೆ ಹೊಳಪು ಬರುವುದಿಲ್ಲ, ಹದಗೊಳಿಸಿದರೂ ನಮ್ಮ ಬಿಸಿಲಿಗೆ ಮೆತ್ತಗಾಗುತ್ತದೆ. ಆದ್ದರಿಂದ ರುಚಿ ಬೇಕಾದ ಗನಾಶಿಗೆ ನಿಜವಾದದ್ದು, ನಿಲ್ಲಬೇಕಾದ ಪಟ್ಟಿಗೆ ಕಾಂಪೌಂಡ್ ಎಂದು ಹಂಚಿದ್ದೇನೆ. ಇದಕ್ಕೆ ಎಣ್ಣೆಯಲ್ಲಿ ಕರಗುವ ಬಣ್ಣವೇ ಬೇಕು, ಏಕೆಂದರೆ ಒಂದು ಹನಿ ನೀರು ಬಿದ್ದರೂ ಕರಗಿದ ಚಾಕೊಲೇಟ್ ಮುದ್ದೆಗಟ್ಟುತ್ತದೆ. ಪಟ್ಟಿ ಅಂಟಿಸುವಾಗ ಪಕ್ಕದಲ್ಲಿ ನಿಂತಿದ್ದ ಹುಟ್ಟುಹಬ್ಬದ ಹುಡುಗ, "ಆಂಟಿ, ಬಾಗಿಲು ಮುಚ್ಚಬೇಡಿ, ಇದು ಎಸಿ ಲೋಕಲ್ ಅಲ್ಲ" ಎಂದ. ಅವನ ಮಾತಿನಂತೆ ಬಾಗಿಲುಗಳನ್ನು ತೆರೆದೇ ಬಿಟ್ಟೆ, ಗೋಡಂಬಿ ಹಿಟ್ಟಿನ ಇಬ್ಬರು ಪ್ರಯಾಣಿಕರನ್ನೂ ನೇತುಹಾಕಿದೆ.

ಮಿನುಗುವ ಪುಡಿ ಮತ್ತು ಹೂಗಳ ಬಗ್ಗೆ ಎರಡು ಮಾತು ಸಾಕು. ಡಬ್ಬಿಯ ಮೇಲೆ 'ನಾನ್-ಟಾಕ್ಸಿಕ್' ಎಂದಷ್ಟೇ ಬರೆದಿದ್ದರೆ ಅದು ತಿನ್ನುವ ವಸ್ತುವಲ್ಲ. 'ಎಡಿಬಲ್' ಎಂದು ಬರೆದು, ಒಳಗಿರುವ ಪದಾರ್ಥಗಳ ಪಟ್ಟಿ ಕೊಟ್ಟಿರುವುದನ್ನೇ ಕೊಳ್ಳಬೇಕು. ದಾದರಿನ ಹೂಮಾರುಕಟ್ಟೆಯ ಗುಲಾಬಿ ನೋಡಲು ಚೆಂದ, ಆದರೆ ಅದಕ್ಕೆ ಹೊಡೆದ ಔಷಧ ತೊಳೆದರೆ ಹೋಗುವಂಥದ್ದಲ್ಲ; ಕಣಗಿಲೆಯಂತೂ ವಿಷ, ಅದನ್ನು ಕೇಕಿನ ಹತ್ತಿರವೂ ತರಬಾರದು.

ಮುಗಿದ ಕೇಕು ಮನೆಯಿಂದ ಹೊರಡುವುದೇ ಉಳಿದ ಕೆಲಸ. ಮಳೆಗಾಲದಲ್ಲಿ ಇಲ್ಲಿಯ ಗಾಳಿಯ ಇಬ್ಬನಿ ಬಿಂದು 25 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಅದಕ್ಕಿಂತ ತಣ್ಣಗಿರುವ ಯಾವ ವಸ್ತುವನ್ನು ಹೊರಗಿಟ್ಟರೂ ಮೈಮೇಲೆ ನೀರು ಕೂರುತ್ತದೆ. ಫ್ರಿಜ್ಜಿನಿಂದ ತೆಗೆದ ಕೇಕನ್ನು ರಟ್ಟಿನ ಪೆಟ್ಟಿಗೆಯಲ್ಲಿ ಮುಚ್ಚಿಯೇ ಇಟ್ಟರೆ ಆ ನೀರು ಕೇಕಿನ ಬದಲು ಪೆಟ್ಟಿಗೆಯ ಹೊರಮೈಗೆ ಅಂಟುತ್ತದೆ. ಟ್ಯಾಕ್ಸಿಯಲ್ಲಿ ಪೆಟ್ಟಿಗೆಯನ್ನು ಸೀಟಿನ ಮೇಲಿಡದೆ ಕಾಲ ಬಳಿಯ ಸಮತಟ್ಟಿನಲ್ಲಿ, ಜಾರದ ರಬ್ಬರ್ ಹಾಳೆಯ ಮೇಲೆ ಇಡುತ್ತೇನೆ, ಏಕೆಂದರೆ ಸೀಟು ಹಿಂದಕ್ಕೆ ಇಳಿಜಾರಾಗಿರುತ್ತದೆ. ಸಾಯನ್ನಿನಿಂದ ಆಚೆಗೆ ಆಟೋ ಹೋಗುವುದಿಲ್ಲವಾದ್ದರಿಂದ ದಕ್ಷಿಣ ಮುಂಬೈಗೆ ಒಯ್ಯುವ ಕುಕೀಸನ್ನು ಮಧ್ಯಾಹ್ನದ ಖಾಲಿ ಲೋಕಲ್ಲಿನ ಮಹಿಳಾ ಬೋಗಿಯಲ್ಲಿ ತೊಡೆಯ ಮೇಲಿಟ್ಟುಕೊಂಡು ಹೋಗುತ್ತೇನೆ. ಎರಡು ಅಂತಸ್ತಿನ ಕೇಕಾದರೆ ಅಂತಸ್ತುಗಳನ್ನು ಬೇರೆಬೇರೆಯಾಗಿ ಒಯ್ದು, ಕೆಳಗಿನದರೊಳಗೆ ಮೊದಲೇ ನೆಟ್ಟ ದಪ್ಪ ಸ್ಟ್ರಾಗಳ ಮೇಲೆ ಮೇಲಿನದನ್ನು ಅಲ್ಲಿಯೇ ಕೂರಿಸುತ್ತೇನೆ. ಪೆಟ್ಟಿಗೆಯ ಮುಚ್ಚಳದ ಮೇಲೆ ಕನ್ನಡ, ಮರಾಠಿ ಎರಡರಲ್ಲಿಯೂ ಬರೆದು ಅಂಟಿಸುವ ಚೀಟಿ ಇಷ್ಟು: ಕುಕೀಸನ್ನು ಫ್ರಿಜ್ಜಿನಲ್ಲಿ ಇಡಬೇಡಿ, ಕೇಕಿನ ಪೆಟ್ಟಿಗೆಯನ್ನು ಹೊರತೆಗೆದ ಮೇಲೆ ಒಂದು ಗಂಟೆ ತೆರೆಯಬೇಡಿ, ರೈಲಿನ ಕಿಟಕಿ, ಬಾಗಿಲು, ಪ್ರಯಾಣಿಕರು ಎಲ್ಲವನ್ನೂ ತಿನ್ನಬಹುದು.