ಹಿರಿಯ ಮಗನನ್ನು ಬಿಟ್ಟು ಬರೆಸಿದ ವಿಲ್ ನಿಂತಿತು: ನನ್ನ ಅನುಭವ

ಅಪೀಲೂ ವಜಾ ಆಯಿತು. ಇನ್ನು ಬರೆಯಬಹುದು. 2012ರಲ್ಲಿ ಒಬ್ಬ ಕಕ್ಷಿದಾರರಿಗೆ ಈ ವಿಲ್ ಮಾಡಿಸಿದಾಗ ನಮ್ಮ ವಕೀಲರ ಬಾರ್ ರೂಮಿನಲ್ಲಿ ನಕ್ಕವರೇ ಜಾಸ್ತಿ. "ಹಿರೀ ಮಗನ್ನ ಬಿಟ್ಟಿದ್ದೀರಿ, ಅದೂ ಕೈಬರಹದಲ್ಲಿ. ಪಾಟೀ ಸವಾಲಿಗೆ ನಿಲ್ಲಲ್ಲ ಬಿಡಿ" ಅಂದಿದ್ದರು ಒಬ್ಬ ಸೀನಿಯರ್.

ಅವರ ಅನುಮಾನಕ್ಕೆ ಕಾರಣವೂ ಇತ್ತು. ಅದಕ್ಕೆ ಮೊದಲು ಇಂಥದ್ದೇ ಒಂದು ವಿಲ್ಲಿನಲ್ಲಿ ನಾನು ಮುಗ್ಗರಿಸಿದ್ದೆ. ಟೈಪ್ ಮಾಡಿಸಿದ್ದು, ರಿಜಿಸ್ಟರ್ ಆದದ್ದು, ನೋಡಲು ಅಚ್ಚುಕಟ್ಟು. ಸಾಕ್ಷಿಗಳಿಬ್ಬರೂ ಬರೆಸಿದವರ ವಾರಿಗೆಯ ಗೆಳೆಯರು. ದಾವೆ ಸಾಕ್ಷ್ಯಕ್ಕೆ ಬರುವಷ್ಟರಲ್ಲಿ ಒಬ್ಬರು ತೀರಿಕೊಂಡಿದ್ದರು. ಉಳಿದವರು ಕಟಕಟೆ ಹತ್ತಿ "ಅವರು ನನ್ನೆದುರು ಸಹಿ ಮಾಡಿದರು, ನಾನೂ ಮಾಡಿದೆ" ಅಂದು ಸುಮ್ಮನಾದರು. ಇನ್ನೊಬ್ಬ ಸಾಕ್ಷಿಯ ಸಹಿ ಬಗ್ಗೆ ಒಂದು ಮಾತೂ ಬರಲಿಲ್ಲ. ಕೇಳಿಸಬೇಕಾದವನು ನಾನು, ನಾನೂ ಕೇಳಿಸಲಿಲ್ಲ. ಒಬ್ಬ ಸಾಕ್ಷಿಯನ್ನು ಕರೆಸಿದರೆ ಸಾಕು ನಿಜ, ಆದರೆ ಆ ಒಬ್ಬನ ಬಾಯಿಂದಲೇ ಎರಡೂ ಸಹಿ ರುಜುವಾತಾಗಬೇಕು. ವಿಲ್ ಬಿತ್ತು. ಕಕ್ಷಿದಾರರಿಗೆ ಎಂಟು ಸಾವಿರವೋ ಏನೋ ಫೀಸು ವಾಪಸ್ ಕೊಟ್ಟೆ. ಆ ತಿಂಗಳು ಮನೆಯಲ್ಲಿ ಬೈಸಿಕೊಂಡದ್ದು ಬೇರೆ.

ಈ ಸಲ ಬಂದವರು ತಿಪಟೂರು ಕಡೆಯ ನಿವೃತ್ತ ಮೇಷ್ಟ್ರು. ಹೆಂಡತಿ ಇಲ್ಲ. ಇಬ್ಬರು ಗಂಡುಮಕ್ಕಳು, ಒಬ್ಬಳು ಮಗಳು. ಸಂಬಳದಲ್ಲಿ ಕೊಂಡ ನಾಲ್ಕು ಎಕರೆ ತೆಂಗಿನ ತೋಟ, ಪಿತ್ರಾರ್ಜಿತ ಎರಡು ಎಕರೆ ಹೊಲ. ಹಿರಿಯವನು ಬೆಂಗಳೂರಿನಲ್ಲಿ ಸೈಟಿಗೆ ಅಂತ ದುಡ್ಡು ಇಸಿದುಕೊಂಡು ಹೋದವನು, ತಾಯಿಯ ತಿಥಿಗೂ ಬಂದಿರಲಿಲ್ಲ.

"ಅವನಿಗೆ ಒಂದು ಸೋಗೆನೂ ಹೋಗಬಾರದು ಲಾಯರ್ರೇ."

"ತೋಟದಲ್ಲಿ ಸೋಗೆನೂ ಬೇಡ ಮೇಷ್ಟ್ರೇ. ಆದ್ರೆ ಹೊಲದಲ್ಲಿ ಇಪ್ಪತ್ತು ಗುಂಟೆ ಹುಟ್ಟಿನಿಂದಲೇ ಅವನದು. ಅದನ್ನ ನೀವೂ ಕಿತ್ಕೊಳ್ಳೋಕೆ ಆಗಲ್ಲ, ನಾನೂ."

ಮುಖ ಊದಿಸಿಕೊಂಡು ಎದ್ದು ಹೋದರು. ಹದಿನೈದು ದಿನ ಬಿಟ್ಟು ಬಂದರು. ಅಷ್ಟರಲ್ಲಿ ನಾನು ಲೆಕ್ಕ ಹಾಕಿಟ್ಟಿದ್ದೆ. ಎಂಭತ್ತು ಗುಂಟೆಗೆ ನಾಲ್ಕು ಪಾಲು, ಅಪ್ಪ ಮತ್ತು ಮೂವರು ಮಕ್ಕಳು. ಮಗಳಿಗೆ 1994ಕ್ಕೆ ಮೊದಲೇ ಮದುವೆಯಾಗಿತ್ತು, ಹಾಗಾಗಿ ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಪಾಲು ಕೊಟ್ಟ ನಮ್ಮ ರಾಜ್ಯದ ತಿದ್ದುಪಡಿ ಅವಳಿಗೆ ಸಿಗಲಿಲ್ಲ. 2005ರ ಕೇಂದ್ರದ ತಿದ್ದುಪಡಿ ಕೈಹಿಡಿಯಿತು. ಮೇಷ್ಟ್ರು ತಮ್ಮ ಪಾಲನ್ನು ಹಿಂದೂ ಉತ್ತರಾಧಿಕಾರ ಕಾಯ್ದೆಯ 30ನೇ ಕಲಮಿನಲ್ಲಿ ವಿಲ್ಲಿಗೆ ಸೇರಿಸಬಹುದು, ಹಿರಿಯವನದ್ದನ್ನು ಮುಟ್ಟುವ ಹಾಗಿಲ್ಲ. ಇದನ್ನು ವಿಲ್ಲಿನಲ್ಲೇ ಬರೆಸಿದೆ: ಈ ಇಪ್ಪತ್ತು ಗುಂಟೆ ಅವನದೇ, ನನ್ನ ತಕರಾರಿಲ್ಲ. ಸೈಟಿಗೆ ಕೊಟ್ಟ ದುಡ್ಡಿನ ಮೊತ್ತ, ವರ್ಷ, ಬ್ಯಾಂಕಿನ ಹೆಸರು ಬರೆಸಿದೆ. ಬೈಗುಳದ ಒಂದು ಪದವನ್ನೂ ಉಳಿಸಲಿಲ್ಲ. ಮೇಷ್ಟ್ರು ಮೊದಲು ಬರೆದು ತಂದದ್ದರಲ್ಲಿ 'ಕುಲಕಂಟಕ' ಅಂತ ಮೂರು ಕಡೆ ಇತ್ತು. ಮೂರನ್ನೂ ಹೊಡೆದು ಹಾಕಿದೆ.

ನನ್ನ ಪ್ರಕಾರ ಗೆದ್ದದ್ದು ಇದರಿಂದಲೇ. ವಾರಸುದಾರನನ್ನು ಬಿಡುವುದು ತಾನಾಗಿ ಅನುಮಾನಕ್ಕೆ ಕಾರಣವಲ್ಲ, ವಿಲ್ ಬರೆಯುವುದೇ ಅದಕ್ಕಲ್ವಾ. ಆದರೆ ಕೋಪದಲ್ಲಿ ಬರೆದದ್ದಕ್ಕೂ ಲೆಕ್ಕ ಹಾಕಿ ಬರೆದದ್ದಕ್ಕೂ ವ್ಯತ್ಯಾಸ ಜಡ್ಜ್ ಕಣ್ಣಿಗೆ ಬೀಳುತ್ತದೆ.

ಮೂರು ಪುಟ, ಪೂರ್ತಿ ಮೇಷ್ಟ್ರ ದುಂಡು ಅಕ್ಷರ. ಬಿಕ್ಕಲಂ, ಅಂದರೆ ಪತ್ರ ಬರೆದುಕೊಟ್ಟ ಬೇರೆಯವರ ರುಜು, ಇಲ್ಲ. ರಿಜಿಸ್ಟ್ರೇಷನ್ ದಿನ ಮಗಳು ಕಾರಿನಲ್ಲಿ ಕರೆತರುತ್ತೇನೆ ಅಂದಳು. "ನೀನು ಊರಿನಲ್ಲೇ ಇರಬೇಡಮ್ಮ, ಎಲ್ಲಾದರೂ ದೇವಸ್ಥಾನಕ್ಕೆ ಹೋಗು" ಅಂದೆ. ಮೇಷ್ಟ್ರು ಬಸ್ಸಿನಲ್ಲಿ ಬಂದರು, ಟಿಕೆಟನ್ನೂ ಫೈಲಿಗೆ ಸೇರಿಸಿದೆ. ವಿಲ್ ರುಜುವಾತಿನ ವಿಷಯಕ್ಕೆ ಎಲ್ಲರೂ ಉದಾಹರಿಸುವ ವೆಂಕಟಾಚಲ ಅಯ್ಯಂಗಾರ್ ಕೇಸು ಮೈಸೂರು ಹೈಕೋರ್ಟಿನಿಂದಲೇ ಸುಪ್ರೀಂ ಕೋರ್ಟಿಗೆ ಹೋದದ್ದು. ವಿಲ್ ಮುಂದಿಡುವವರೇ ಬರೆಸಲು ಓಡಾಡಿದ್ದರೆ ವಿಲ್ ಮೇಲೆ ಅನುಮಾನ ಬೀಳುತ್ತದೆ ಅನ್ನುವುದು ನಮಗೆಲ್ಲ ಬಾಯಿಪಾಠ. ಆದರೂ ಫಲಾನುಭವಿಯ ಕಾರಿನಲ್ಲೇ ಕರೆತರುತ್ತೇವೆ!

ಸಾಕ್ಷಿಗಳು ಒಬ್ಬ ಮೆಡಿಕಲ್ ಸ್ಟೋರಿನವನು, ಒಬ್ಬ ಹೈಸ್ಕೂಲ್ ಮಾಸ್ತರು. ಇಬ್ಬರಿಗೂ ಆಗ ನಲವತ್ತರ ಒಳಗೆ. ಆ ದಿನ ಅವರಿಬ್ಬರಿಂದ ಇನ್ನೊಂದು ಕೆಲಸ ಮಾಡಿಸಿದೆ. ಅದನ್ನು ಮಾತ್ರ ಇಲ್ಲಿ ಹೇಳಲ್ಲ. ಎದುರು ಪಕ್ಷದವರೂ ಓದುತ್ತಾರೆ. ಏಳೆಂಟು ವರ್ಷದ ಮೇಲೂ ಇಬ್ಬರ ನೆನಪು ಒಂದೇ ಥರ ಇತ್ತು ಅಂತಷ್ಟೇ ತಿಳಿಯಿರಿ.

ಡಾಕ್ಟರ್ ಸರ್ಟಿಫಿಕೇಟು ಮೇಷ್ಟ್ರ ಬಿಪಿ ನೋಡುತ್ತಿದ್ದವರಿಂದಲೇ. ಜೊತೆಗೆ ಸೇವಾ ಪುಸ್ತಕದ ನಕಲು, ತೋಟದ ಕ್ರಯಪತ್ರ, ಸೊಸೈಟಿ ಸಾಲದ ರಸೀದಿ. ತೋಟವೂ ಒಟ್ಟು ಕುಟುಂಬದ ದುಡ್ಡಿನದು ಅಂತ ಎದುರು ಪಕ್ಷದವರು ಹೇಳೇ ಹೇಳುತ್ತಾರೆ ಅಂತ ಗೊತ್ತಿತ್ತು. ಹೇಳಿದರು.

ನಡುನಡುವೆ ಬೇರೆ ಕಕ್ಷಿದಾರರಿಗೆ ಬೇರೆ ಪ್ರಯೋಗಗಳನ್ನೂ ಮಾಡಿದ್ದೇನೆ. ಒಬ್ಬರಿಗೆ ವಿಡಿಯೋ ಮಾಡಿಸಿದೆ, ಮೂರು ಸಾವಿರ ಖರ್ಚು. ಅಜ್ಜ ಪ್ರತಿ ಉತ್ತರಕ್ಕೂ ಮೊದಲು ಕ್ಯಾಮೆರಾ ಹಿಂದೆ ನಿಂತ ಅಳಿಯನ ಮುಖ ನೋಡುತ್ತಾನೆ. ಅದನ್ನು ಹಾಜರುಪಡಿಸದೆ ಪೆಟ್ಟಿಗೆಗೆ ಹಾಕಿದೆ. ಇನ್ನೊಬ್ಬರ ವಿಲ್ಲನ್ನು ಮುಚ್ಚಿದ ಲಕೋಟೆಯಲ್ಲಿ ಜಿಲ್ಲಾ ನೋಂದಣಾಧಿಕಾರಿ ಹತ್ತಿರ ಇಡಿಸಿದೆ. ಗುಟ್ಟು ಎಷ್ಟು ಭದ್ರವಾಗಿತ್ತು ಅಂದರೆ, ಅವರು ಸತ್ತು ಎರಡು ವರ್ಷ ಮನೆಯವರಿಗೂ ಗೊತ್ತಾಗಲಿಲ್ಲ. ಮಗನಿಗೆ ಒಂದು ರೂಪಾಯಿ ಬಿಡುವ ಪದ್ಧತಿಯನ್ನೂ ನೋಡಿದೆ. ಕಾನೂನಿನಲ್ಲಿ ಅದಕ್ಕೆ ಕವಡೆ ಕಿಮ್ಮತ್ತಿಲ್ಲ. "ಯಾರೋ ಹೇಳಿಕೊಟ್ಟು ಅಣಕಿಸಲು ಬರೆಸಿದ್ದು" ಅಂತ ಎದುರಿನವರಿಗೆ ವಾದ ಸಿಕ್ಕಿತು, ಅಷ್ಟೆ.

ಮೇಷ್ಟ್ರು 2015ರಲ್ಲಿ ಹೋದರು. ಮರುವರ್ಷ ಹಿರಿಯವನು 200 ರೂಪಾಯಿ ಕೋರ್ಟ್ ಫೀ ಕಟ್ಟಿ ಪಾರ್ಟಿಷನ್ ದಾವೆ ಹಾಕಿದ. ಮೆಡಿಕಲ್ ಸ್ಟೋರಿನವನನ್ನು ಮೂರು ವಾಯಿದೆ ಅರೆದರು. ಎರಡೂ ಸಹಿ, ಯಾವ ಪೆನ್ನು, ಯಾರು ಮೊದಲು, ಎಲ್ಲ ಹೇಳಿದ. ತೋಟದ ಮಟ್ಟಿಗೆ ದಾವೆ ವಜಾ, ಹೊಲದಲ್ಲಿ ಇಪ್ಪತ್ತು ಗುಂಟೆ ಡಿಕ್ರಿ. ವಿಲ್ಲಿನಲ್ಲಿ ಬರೆದಷ್ಟೇ. ನಕ್ಕಿದ್ದ ಸೀನಿಯರ್ ಈಚೆಗೆ ಡ್ರಾಫ್ಟಿನ ಜೆರಾಕ್ಸ್ ಕೇಳಿದರು. ಕೊಟ್ಟೆ, ಎರಡು ಪ್ಯಾರಾ ಬಿಟ್ಟು.

ವಿಲ್ಲಿಗೆ ಆಗ ತೆಗೆದುಕೊಂಡದ್ದು ಆರು ಸಾವಿರ. ದಾವೆ, ಅಪೀಲು ಎಲ್ಲ ಸೇರಿ ಸುಮಾರು ಎಪ್ಪತ್ತು ಸಾವಿರ ಬಂತು, ಅರ್ಧ ಕೊಬ್ಬರಿ ಸೀಸನ್ ಮೇಲೆ. ಹಿರಿಯವನು ತನ್ನ ಇಪ್ಪತ್ತು ಗುಂಟೆಯನ್ನು ಅಳೆದು ಬಿಡಿಸಿಕೊಳ್ಳಲು ಇನ್ನೂ ಫೈನಲ್ ಡಿಕ್ರಿ ಅರ್ಜಿ ಹಾಕಿಲ್ಲ. ಆ ತುಂಡಿನಲ್ಲಿ ಈ ಸಲವೂ ತಮ್ಮನೇ ರಾಗಿ ಹಾಕಿದ್ದಾನೆ.