ಪೋರ್ಟ್ ತೆರೆಯದೆ ಎಡಿಎಸ್‌-ಬಿ ಹಂಚಿಕೆ: ಬೆಂಗಳೂರಿನ ಮನೆಯೊಂದರ ಸೆಟಪ್

ವಿಮಾನಗಳು 1090 ಮೆಗಾಹರ್ಟ್ಸ್‌ನಲ್ಲಿ ತಮ್ಮ ಸ್ಥಾನ, ಎತ್ತರ, ವೇಗ ಎಲ್ಲವನ್ನೂ ಬಹಿರಂಗವಾಗಿಯೇ ಸಾರುತ್ತವೆ. ಈ ಪ್ರಸಾರವೇ ಎಡಿಎಸ್‌-ಬಿ. ಎನ್‌ಕ್ರಿಪ್ಷನ್ ಇಲ್ಲ, ಆಂಟೆನಾ ಇದ್ದವರಿಗೆಲ್ಲ ಸಿಗುತ್ತದೆ. ಹಾಗಾಗಿ ಈ ಡೇಟಾ ಹಂಚುವಾಗ ನಾನು ಕಾಪಾಡುವುದು ಮನೆಯ ನೆಟ್‌ವರ್ಕ್ ಮತ್ತು ಮನೆ ಇರುವ ಜಾಗ. ನಿಯಮ ಒಂದೇ: ಡೇಟಾ ಮನೆಯಿಂದ ಹೊರಗೆ ಹೋಗಬೇಕು, ಹೊರಗಿನಿಂದ ಯಾವ ಸಂಪರ್ಕವೂ ಒಳಗೆ ಬರಬಾರದು.

ಸಾಮಾನು ಹೆಚ್ಚೇನಿಲ್ಲ. ರಾಸ್ಪ್‌ಬೆರಿ ಪೈ 4 ಎಂಬ ಪುಟ್ಟ ಕಂಪ್ಯೂಟರ್, ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್ (ಯುಎಸ್‌ಬಿ ರೇಡಿಯೋ ರಿಸೀವರ್), 1090ರ ಫಿಲ್ಟರ್, ತಾರಸಿ ಮೇಲೊಂದು ಆಂಟೆನಾ, ನಡುವೆ 10 ಮೀಟರ್ ಆರ್‌ಜಿ-6 ಕೇಬಲ್. ಕೇಬಲ್, ಕನೆಕ್ಟರ್ ಎರಡೂ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್‌ಪಿ ರೋಡ್‌ನಲ್ಲಿ ಸಿಗುತ್ತವೆ. ಅದು 50ರ ಬದಲು 75 ಓಮ್ ಕೇಬಲ್ ಎಂದು ತಲೆ ಕೆಡಿಸಿಕೊಳ್ಳಬೇಡಿ, ಇಷ್ಟು ಉದ್ದಕ್ಕೆ ನಷ್ಟ ಸುಮಾರು 2 ಡೆಸಿಬೆಲ್. ಫಿಲ್ಟರ್ ಮಾತ್ರ ಬಿಡಬೇಡಿ. ನಮ್ಮೂರಲ್ಲಿ ಎಷ್ಟೋ ಕಡೆ ಪಕ್ಕದ ಕಟ್ಟಡದ ಮೇಲೆಯೇ ಮೊಬೈಲ್ ಟವರ್ ಇರುತ್ತದೆ. ಅದರ 900 ಮೆಗಾಹರ್ಟ್ಸ್ ಬ್ಯಾಂಡಿನ ಅಬ್ಬರಕ್ಕೆ ಡಾಂಗಲ್ ಕಿವುಡಾಗುತ್ತದೆ.

ಸಿಗ್ನಲ್ ಬಿಡಿಸಲು ರೀಡ್‌ಎಸ್‌ಬಿ ಎಂಬ ತಂತ್ರಾಂಶ, ನಕ್ಷೆಗೆ ಟಾರ್1090 ಎಂಬುದು. ರೀಡ್‌ಎಸ್‌ಬಿಗೆ ಡಾಂಗಲ್ ಸಿಗದಿದ್ದರೆ ಕರ್ನಲ್‌ನ ಟಿವಿ ಡ್ರೈವರ್ ಅದನ್ನು ಮೊದಲೇ ಹಿಡಿದುಕೊಂಡಿರಬಹುದು. ಆ ಡ್ರೈವರನ್ನು ಬ್ಲ್ಯಾಕ್‌ಲಿಸ್ಟ್ ಮಾಡಿ ರೀಬೂಟ್ ಮಾಡಿ.

ಇನ್ನು ಪೋರ್ಟುಗಳು, ಅಂದರೆ ತಂತ್ರಾಂಶವು ಡೇಟಾ ಕೊಟ್ಟು ತೆಗೆದುಕೊಳ್ಳುವ ಸಂಖ್ಯೆಯ ಬಾಗಿಲುಗಳು. 30005ರಲ್ಲಿ ಬೀಸ್ಟ್ ಎಂಬ ಬೈನರಿ ರೂಪದ ಪೂರ್ಣ ಡೇಟಾ ಹೊರಬರುತ್ತದೆ, 30003ರಲ್ಲಿ ಬಿಡಿಸಿದ ಮಾಹಿತಿ ಪಠ್ಯರೂಪದಲ್ಲಿ, 30004 ಹೊರಗಿನ ಡೇಟಾ ಒಳಗೆ ತೆಗೆದುಕೊಳ್ಳುತ್ತದೆ. ಇವುಗಳಲ್ಲಿ ಯಾವುದಕ್ಕೂ ಪಾಸ್‌ವರ್ಡ್ ಇಲ್ಲ. 30004 ಅಂತರ್ಜಾಲಕ್ಕೆ ತೆರೆದಿದ್ದರೆ ಇಲ್ಲದ ವಿಮಾನವನ್ನು ನಿಮ್ಮ ನಕ್ಷೆಯಲ್ಲಿ ಯಾರು ಬೇಕಾದರೂ ಹಾರಿಸಬಹುದು. 'ರೌಟರ್‌ನಲ್ಲಿ 30005 ಫಾರ್ವರ್ಡ್ ಮಾಡಿ, ಮುಗೀತು' ಅನ್ನುವ ಸಲಹೆ ಹಾಗಾಗಿ ಬೇಡ. ರೌಟರ್‌ನ ವ್ಯಾನ್ (ಹೊರಮುಖದ) ವಿಳಾಸ 100.64ರಿಂದ 100.127ರೊಳಗೆ ಶುರುವಾಗುತ್ತಿದ್ದರೆ ನೀವು ಸಿಜಿ-ನ್ಯಾಟ್ (ಒಂದೇ ಸಾರ್ವಜನಿಕ ವಿಳಾಸವನ್ನು ಹಲವು ಗ್ರಾಹಕರಿಗೆ ಹಂಚುವ ವ್ಯವಸ್ಥೆ) ಹಿಂದೆ ಇದ್ದೀರಿ, ಅಲ್ಲಿ ಫಾರ್ವರ್ಡಿಂಗ್ ನಡೆಯುವುದೂ ಇಲ್ಲ.

ನಾನು ಮಾಡಿರುವುದು ಇಷ್ಟು: ಬಾಡಿಗೆಗೆ ಒಂದು ಪುಟ್ಟ ಕ್ಲೌಡ್ ಸರ್ವರ್, ಅದಕ್ಕೂ ಪೈಗೂ ನಡುವೆ ವೈರ್‌ಗಾರ್ಡ್ ಎಂಬ ವಿಪಿಎನ್‌ನ ಸುರಂಗ. ಸರ್ವರ್‌ಗೆ 10.77.0.1, ಪೈಗೆ 10.77.0.2. ಖಾಸಗಿ ಕೀಲಿಯನ್ನು ಪೈನಲ್ಲೇ ಹುಟ್ಟಿಸಿ, ಅಲ್ಲೇ ಇಟ್ಟುಕೊಳ್ಳಿ. ಸರ್ವರ್‌ಗೆ ಹೋಗಬೇಕಾದ್ದು ಸಾರ್ವಜನಿಕ ಕೀಲಿ ಮಾತ್ರ. ಸುರಂಗಕ್ಕಾಗಿ ಸರ್ವರ್‌ನಲ್ಲಿ ಯುಡಿಪಿ 51820 ತೆರೆದರೆ ಸಾಕು. ಪೈ ಕಡೆ ಸಂಪರ್ಕ ಜೀವಂತ ಇಡುವ ಪರ್ಸಿಸ್ಟೆಂಟ್ ಕೀಪ್‌ಅಲೈವ್ 25 ಸೆಕೆಂಡ್.

ಪೈನ ಅಲೌಡ್ ಐಪಿ ಸಾಲಿನಲ್ಲಿ 10.77.0.1/32 ಎಂದಷ್ಟೇ ಬರೆಯಿರಿ (/32 ಎಂದರೆ ಆ ಒಂದೇ ವಿಳಾಸ). ಎಲ್ಲ ಟ್ರಾಫಿಕ್ಕೂ ಸುರಂಗದಲ್ಲೇ ಹೋಗಲಿ ಎಂದು 0.0.0.0/0 ಹಾಕುವವರಿದ್ದಾರೆ, ಕರೆಂಟ್ ಹೋಗಿ ಬಂದಾಗ ಅದರ ಪೆಟ್ಟು ಗೊತ್ತಾಗುತ್ತದೆ. ಪೈ 4ರಲ್ಲಿ ಬ್ಯಾಟರಿ ಇರುವ ಗಡಿಯಾರವಿಲ್ಲ. ಬೂಟ್ ಆದಾಗ ಹಿಂದೆ ಉಳಿಸಿಟ್ಟ ಹಳೇ ಸಮಯದಿಂದ ಶುರುವಾಗುತ್ತದೆ. ಸಂಪರ್ಕ ಶುರುಮಾಡುವ ವೈರ್‌ಗಾರ್ಡ್‌ನ ಹ್ಯಾಂಡ್‌ಶೇಕ್‌ನಲ್ಲಿ ಸಮಯದ ಮುದ್ರೆ ಇರುತ್ತದೆ, ಹಿಂದೆ ಕಂಡದ್ದಕ್ಕಿಂತ ಹಳೆಯ ಮುದ್ರೆ ಬಂದರೆ ಸರ್ವರ್ ಉತ್ತರ ಕೊಡದೆ ಸುಮ್ಮನಿರುತ್ತದೆ. ಸಮಯ ಸರಿಯಾಗಲು ಎನ್‌ಟಿಪಿ (ಅಂತರ್ಜಾಲದಿಂದ ಸಮಯ ತರುವ ವ್ಯವಸ್ಥೆ) ಬೇಕು, ಎನ್‌ಟಿಪಿ ಸುರಂಗದಲ್ಲೇ ಹೋಗಬೇಕೆಂದರೆ ಸುರಂಗವೇ ಎದ್ದಿಲ್ಲ. ಎರಡೂ ಒಂದಕ್ಕೊಂದು ಕಾಯುತ್ತಾ ಕೂರುತ್ತವೆ. ಎನ್‌ಟಿಪಿ ಸುರಂಗದ ಹೊರಗಿನಿಂದ ಹೋದರೆ ಸ್ವಲ್ಪ ಹೊತ್ತಿನಲ್ಲಿ ತಾನೇ ಸರಿಹೋಗುತ್ತದೆ. ಇದೇ ಸಂದರ್ಭದ ಇನ್ನೊಂದು ತೊಡಕು: ಪೈ ಬೇಗ ಬೂಟ್ ಆಗುತ್ತದೆ, ಫೈಬರ್ ಪೆಟ್ಟಿಗೆ ನಿಧಾನ. ಎಂಡ್‌ಪಾಯಿಂಟ್ ಜಾಗದಲ್ಲಿ ಡೊಮೇನ್ ಹೆಸರು ಕೊಟ್ಟಿದ್ದರೆ ಆಗ ಹೆಸರಿನಿಂದ ಐಪಿ ಹುಡುಕುವ ಡಿಎನ್‌ಎಸ್ ಸಿಗದೆ ಸುರಂಗ ಏಳದೆಯೇ ಹೋಗಬಹುದು. ಸರ್ವರ್‌ನ ಐಪಿ ಸಂಖ್ಯೆಯನ್ನೇ ಬರೆಯಿರಿ.

ಪೈನ ರೀಡ್‌ಎಸ್‌ಬಿಗೆ ನೆಟ್-ಕನೆಕ್ಟರ್ ಆಯ್ಕೆಯಲ್ಲಿ 10.77.0.1, 30004, ಬೀಸ್ಟ್-ರೆಡ್ಯೂಸ್-ಔಟ್ ಎಂದು ಕೊಡಿ. ರೆಡ್ಯೂಸ್ ಇದ್ದರೆ ಟ್ರಾಫಿಕ್ ಬಹಳ ಇಳಿಯುತ್ತದೆ. ಸರ್ವರ್‌ನಲ್ಲೂ ರೀಡ್‌ಎಸ್‌ಬಿಯನ್ನೇ ನೆಟ್-ಓನ್ಲಿಯಾಗಿ ಓಡಿಸಿ, ಬೈಂಡ್ ವಿಳಾಸ 10.77.0.1 ಕೊಡಿ. ಆಗ 30004 ಸುರಂಗದೊಳಗಿನವರಿಗಷ್ಟೇ ಕಾಣುತ್ತದೆ. ವೈರ್‌ಗಾರ್ಡ್ ಎದ್ದ ಮೇಲೆಯೇ ರೀಡ್‌ಎಸ್‌ಬಿ ಏಳುವಂತೆ ಸಿಸ್ಟಮ್‌ಡಿಯಲ್ಲಿ (ತಂತ್ರಾಂಶಗಳನ್ನು ಬೂಟ್ ವೇಳೆ ಎಬ್ಬಿಸುವ ಲಿನಕ್ಸ್ ವ್ಯವಸ್ಥೆ) ಕ್ರಮ ಹೇಳದಿದ್ದರೆ ಬೈಂಡ್ ಮಾಡಲು ವಿಳಾಸವೇ ಇಲ್ಲದೆ ಅದು ಬಿದ್ದುಹೋಗುತ್ತದೆ. ಪೈನ ಫೈರ್‌ವಾಲ್‌ನಲ್ಲಿ ಸುರಂಗದ ಕಡೆಯಿಂದ ಬರುವ ಹೊಸ ಸಂಪರ್ಕಗಳನ್ನೆಲ್ಲ ತಡೆಯಿರಿ. ನಾಳೆ ಸರ್ವರ್ ಬೇರೆಯವರ ಕೈಗೆ ಸಿಕ್ಕರೂ ಅಲ್ಲಿಂದ ಮನೆಯೊಳಗೆ ದಾರಿ ಇರಬಾರದು. ಹೆಬ್ಬಾಳದ ಗೆಳೆಯರೂ ಜಯನಗರದ ಗೆಳೆಯರೂ ಸೇರುವುದಾದರೆ ಒಬ್ಬೊಬ್ಬರಿಗೂ ಬೇರೆ ಕೀಲಿ, ಬೇರೆ /32 ವಿಳಾಸ. ಒಬ್ಬರನ್ನು ತೆಗೆಯಬೇಕಾದರೆ ಸರ್ವರ್‌ನಲ್ಲಿ ಅವರ ಪೀರ್ ನಮೂದು ಅಳಿಸಿದರಾಯಿತು.

ಸಂಪರ್ಕ ಪರೀಕ್ಷಿಸಲು ಡಬ್ಲ್ಯುಜಿ ಶೋ ಆದೇಶ ಕೊಟ್ಟು ನೋಡಿ. ಕೊನೆಯ ಹ್ಯಾಂಡ್‌ಶೇಕ್ 3 ನಿಮಿಷಕ್ಕಿಂತ ಹಳೆಯದಾಗಿದ್ದರೆ ಸುರಂಗ ಸತ್ತಿದೆ. ಕಳಿಸಿದ ಬೈಟ್ ಏರುತ್ತಾ ಬಂದ ಬೈಟ್ ಸೊನ್ನೆಯಲ್ಲೇ ನಿಂತಿದ್ದರೆ ಕೀಲಿ ತಪ್ಪಿದೆ, ಇಲ್ಲವೇ ಕ್ಲೌಡ್ ಫೈರ್‌ವಾಲ್‌ನಲ್ಲಿ ಯುಡಿಪಿ ತೆರೆದಿಲ್ಲ.

ಮನೆಯ ಜಾಗ ಸೋರುವುದು ಬಹುಪಾಲು ನಕ್ಷೆಯಿಂದ. ಟಾರ್1090 ರಿಸೀವರ್ ಇರುವ ಕಡೆ ಚುಕ್ಕೆ ಇಟ್ಟು, ಸುತ್ತ ವೃತ್ತ ಎಳೆಯುತ್ತದೆ. ರೀಡ್‌ಎಸ್‌ಬಿಯ ಆರ್‌ಎಕ್ಸ್-ಲೊಕೇಶನ್-ಆಕ್ಯುರಸಿ ಆಯ್ಕೆಗೆ 0 ಕೊಟ್ಟರೆ ಸ್ಥಾನ ಹೊರಗೆ ಹೋಗದು, 1 ಕೊಟ್ಟರೆ ಅಂದಾಜು ಸ್ಥಾನ ಹೋಗುತ್ತದೆ. ಸರ್ವರ್‌ಗಂತೂ ಮನೆಯ ಅಕ್ಷಾಂಶ-ರೇಖಾಂಶ ಬೇಕಾಗಿಯೇ ಇಲ್ಲ. ದೇವನಹಳ್ಳಿ ವಿಮಾನ ನಿಲ್ದಾಣದಲ್ಲಿ ನೆಲದ ಮೇಲೆ ಓಡಾಡುವ ವಿಮಾನದ ಸ್ಥಾನ ಬಿಡಿಸಲು 45 ನಾಟಿಕಲ್ ಮೈಲಿಯೊಳಗಿನ ಒಂದು ಬಿಂದು ಬೇಕು, ಅಷ್ಟೇ. ನನ್ನ ಸರ್ವರ್‌ನಲ್ಲಿರುವುದು ವಿಧಾನಸೌಧದ ಬಿಂದು.

ಎಂಲ್ಯಾಟ್‌ಗೆ ಇಂಥ ಅಂದಾಜು ಬಿಂದು ಸಾಲದು. ಸ್ಥಾನ ಹೇಳದ ವಿಮಾನವನ್ನು ಹಲವು ರಿಸೀವರ್‌ಗಳ ಸಮಯ ವ್ಯತ್ಯಾಸದಿಂದ ಹುಡುಕುವ ಲೆಕ್ಕ ಅದು. ಆಂಟೆನಾದ ನಿಖರ ಸ್ಥಾನ ಕೊಡಲೇಬೇಕು. ನಂಬುವ ಸೇವೆಗೆ ಮಾತ್ರ ಕೊಡಿ, ಬಹಿರಂಗ ನಕ್ಷೆಯಲ್ಲಿ ಹೆಸರು ಮರೆಮಾಡಿ. ಎತ್ತರ ಎಂದರೆ ಸಮುದ್ರಮಟ್ಟದಿಂದ: ಬೆಂಗಳೂರಿನಲ್ಲಿ ಮೂರನೇ ಮಹಡಿಯ ತಾರಸಿ 12 ಮೀಟರ್ ಅಲ್ಲ, 900ರ ಮೇಲೆ. ಎಂಲ್ಯಾಟ್ ಕ್ಲೈಂಟ್ ಪೈನಲ್ಲೇ ಓಡಲಿ, ಪೂರ್ಣ 30005 ಓದಲಿ. ರೆಡ್ಯೂಸ್ ಆದ ಡೇಟಾದಲ್ಲಿ ಅದಕ್ಕೆ ಬೇಕಾದ ಎಷ್ಟೋ ಸಂದೇಶಗಳು ಇರುವುದಿಲ್ಲ. ಗಡಿಯಾರ ಅಸ್ಥಿರ ಎಂದು ಬಂದರೆ ಮೊದಲು ಪವರ್ ಅಡಾಪ್ಟರ್ ನೋಡಿ. ವೋಲ್ಟೇಜ್ ಕುಸಿದಾಗ ಯುಎಸ್‌ಬಿಯಲ್ಲಿ ಸ್ಯಾಂಪಲ್‌ಗಳು ಬಿದ್ದುಹೋಗುತ್ತವೆ. ಮರಳಿ ಬಂದ ಎಂಲ್ಯಾಟ್ ಫಲಿತಾಂಶವನ್ನು ಮತ್ತೆ ಹೊರಗೆ ಕಳಿಸುವ ಫಾರ್ವರ್ಡ್-ಎಂಲ್ಯಾಟ್ ಆಯ್ಕೆ ಹಾಕಬೇಡಿ, ಬೇರೆಯವರ ಲೆಕ್ಕವೂ ಕೆಡುತ್ತದೆ. ಯಲಹಂಕ, ಎಚ್‌ಎಎಲ್ ಕಡೆಯ ಸೇನಾ ಹಾರಾಟವೂ ಎಂಲ್ಯಾಟ್‌ನಲ್ಲಿ ಕಾಣಬಹುದಾದ ಊರು ಇದು; ಹಾಗಾಗಿ ನನ್ನ ಸರ್ವರ್‌ನ ನಕ್ಷೆ ಸುರಂಗದೊಳಗಿನವರಿಗೆ ಮಾತ್ರ ತೆರೆಯುತ್ತದೆ.

ಎಲ್ಲ ಮುಗಿದ ಮೇಲೆ ಫೋನಿನ ಮೊಬೈಲ್ ಡೇಟಾದಿಂದ ಸರ್ವರ್‌ನ ಸಾರ್ವಜನಿಕ ಐಪಿಗೆ ಪೋರ್ಟ್ ಸ್ಕ್ಯಾನ್ ಹಾಕಿ. 30003, 30004, 30005, 80 ಯಾವುದೂ ತೆರೆದಿರಬಾರದು.